ಕುರ್ಚಿ: ಬೀಚ್ ಮರ, ಮೊಳೆ, ಮೊಣಕಾಲು

ಮಾರ್ಚ್ 4, ಮಂಗಳವಾರ

ರೀಕೆ ಪೋಲ್‌ಮನ್ ಎಂಬ ನಾನು, ವಯಸ್ಸು ಇಪ್ಪತ್ಮೂರು, ಕಲಾಶಾಲೆಯ ಪ್ರವೇಶ ಮಂಡಳಿಯಿಂದ ಎರಡು ಬಾರಿ ವಿಧಿವತ್ತಾಗಿ ತಿರಸ್ಕೃತಳಾದವಳು, ನಗರ ಕಲಾ ಸಂಗ್ರಹಾಲಯದ ಮೂರನೇ ಕೋಣೆಯ ಅಧಿಕೃತ ಕಾವಲುಗಾರ್ತಿ, ಈ ನೋಟ್‌ಬುಕ್ಕನ್ನು ಇಂದು ಉದ್ಘಾಟಿಸುತ್ತಿದ್ದೇನೆ. ಸಮಾರಂಭಕ್ಕೆ ಯಾರೂ ಬಂದಿಲ್ಲ. ರಿಬ್ಬನ್ ಸಿಗದ ಕಾರಣ ಚೀಸ್ ಪೊಟ್ಟಣದ ದಾರವನ್ನು ಕತ್ತರಿಸಲಾಯಿತು.

ಉದ್ಘಾಟನೆಗೆ ಕಾರಣವಿದೆ. ಇಂದು ಬೆಳಿಗ್ಗೆ ಒಂಬತ್ತೂಕಾಲಿಗೆ ನಮ್ಮ ಸಂಗ್ರಹಾಲಯದಲ್ಲಿ ಕುರ್ಚಿಗಳನ್ನು ರದ್ದು ಮಾಡಲಾಯಿತು.

ರದ್ದು ಮಾಡಿದವರು ಡಾ. ಟಾಲ್‌ಬಾಖ್. ಬಂದು ಐದು ವಾರವಾದ ಹೊಸ ನಿರ್ದೇಶಕರು; ಕಾಲರ್ ಇಲ್ಲದ ಅಂಗಿ, ಹಾಲಿನಷ್ಟು ಬಿಳಿಯ ಬೂಟು. ಕೋಣೆ ಕಾಯುವ ನಮ್ಮನ್ನೆಲ್ಲ ಹಜಾರದಲ್ಲಿ ನಿಲ್ಲಿಸಿ ಹೇಳಿದರು: "ಇವತ್ತಿಂದ ನೀವು ಕಾವಲುಗಾರರಲ್ಲ, ಆತಿಥೇಯರು. ಆತಿಥೇಯರು ಕೂತ್ಕೊಳಲ್ಲ. ಮೂಲೇಲಿ ಕುರ್ಚಿ ಹಾಕ್ಕೊಂಡು ಕೂತವರನ್ನ ನೋಡಿದ್ರೆ ಜನಕ್ಕೆ ಆಸ್ಪತ್ರೆ ನೆನಪಾಗುತ್ತೆ."

ಎಲ್ಲರೂ ತಲೆಯಾಡಿಸಿದರು. ನಾಲ್ಕನೇ ಕೋಣೆಯ ಫ್ರೌ ವಿಷ್ನೆವ್ಸ್ಕಿ ಮಾತ್ರ ಕೈ ಎತ್ತಿದರು. ಅರವತ್ತೈದು ವರ್ಷದ ಹೆಂಗಸು, ಎರಡೂ ಮೊಣಕಾಲು ಸವೆದಿವೆ.

"ಡಾಕ್ಟರೇ, ನನ್ನ ಮೊಣಕಾಲನ್ನೂ ಕೋಟಿನ ಜೊತೆ ಕೆಳಗೇ ಬಿಟ್ಟು ಬರ್ಲಾ?"

ನಗು ಎದ್ದಿತು. ಡಾ. ಟಾಲ್‌ಬಾಖ್ ನಗಲಿಲ್ಲ. ವೈದ್ಯರ ಪತ್ರ ತಂದರೆ ಬಂದವರು ಕೋಟು ಬಿಚ್ಚಿಡುವ ನೆಲಮಾಳಿಗೆಯ ಕೋಟು ಕೌಂಟರಿಗೆ ವರ್ಗ ಮಾಡುತ್ತೇನೆ, ಅಲ್ಲಿ ಕೂತು ಮಾಡುವ ಕೆಲಸವಿದೆ ಎಂದರು. ಸಿಬ್ಬಂದಿ ಮಂಡಳಿಯವರೂ ಅದನ್ನೇ ಹೇಳಿದರು: ಕೂರಲು ಜಾಗ ಕೊಡಬೇಕೆಂಬ ನಿಯಮ ಪಾಲನೆಯಾಗಿದೆ, ಆ ಜಾಗ ಕೆಳಗಿದೆ ಅಷ್ಟೆ.

ಫ್ರೌ ವಿಷ್ನೆವ್ಸ್ಕಿ ಬೇಡ ಎಂದರು. ಮೂವತ್ತೊಂದು ವರ್ಷದಿಂದ ಅವರು ನಾಲ್ಕನೇ ಕೋಣೆಯಲ್ಲಿದ್ದಾರೆ. ನಿವೃತ್ತಿಗೆ ಇನ್ನು ಹದಿನಾರು ತಿಂಗಳು, ಬರುವ ವರ್ಷ ಜುಲೈಗೆ. ಆ ಕೋಣೆಯಲ್ಲಿ 'ಹಸಿರು ದಾದಿ' ಇದೆ: ಮಾರ್ಥಾ ಬ್ರೆಂಡೆಲ್, 1919, ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಆಸ್ಪತ್ರೆಯ ದಾದಿಯೊಬ್ಬಳು ಪಾಳಿ ಮುಗಿಸಿ ಕುರ್ಚಿಯ ಮೇಲೆ ಕುಸಿದಿದ್ದಾಳೆ. ಮುಖ ಬಲಿಯದ ಪ್ಲಮ್ ಹಣ್ಣಿನಷ್ಟು ಹಸಿರು. ನನಗೆ ಅವಳು ಗೋಡೆಯ ಮೇಲಿನ ಒಂದು ಸಾಮಾನು.

"ಅವಳನ್ನ ಬಿಟ್ಟು ಕೋಟು ಕಾಯೋಕೆ ಹೋಗ್ಬೇಕಾ? ಕೋಟಿಗೆ ಮುಖ ಇರಲ್ಲ ಕಣೇ," ಎಂದರು ನನ್ನ ಬಳಿ.

ನಾನು ಕಾಯುವುದು ಅದಕ್ಕಿಂತ ಕಡೆ. ಮೂರನೇ ಕೋಣೆಯಲ್ಲಿರುವುದು ನಲವತ್ತೊಂದು ಖಾಲಿ ಚೌಕಟ್ಟುಗಳು. 1937ರಲ್ಲಿ ನಾಜಿ ಸರ್ಕಾರದವರು 'ಕೆಟ್ಟ ಕಲೆ' ಎಂದು ಹೊತ್ತೊಯ್ದ ಚಿತ್ರಗಳ ಜಾಗ. ಏನೂ ಇಲ್ಲದ್ದನ್ನು ಯಾರೂ ಕದಿಯದಂತೆ ನೋಡಿಕೊಳ್ಳುವುದೇ ನನ್ನ ವೃತ್ತಿ. ಇದುವರೆಗೆ ಒಂದೂ ಕಳುವಾಗಿಲ್ಲ.

ಮಾರ್ಚ್ 7, ಶುಕ್ರವಾರ

ನಿಂತಿದ್ದೇವೆ. ಕಪ್ಪು ಅಂಗಿ ಕೊಟ್ಟಿದ್ದಾರೆ. ಎದೆಯ ಮೇಲೆ 'ನನ್ನನ್ನು ಕೇಳಿ' ಎಂದು ಬರೆದಿದೆ. ಇವತ್ತು ಏಳು ಜನ ಕೇಳಿದರು. ಏಳೂ ಜನ ಕೇಳಿದ್ದು ಶೌಚಾಲಯ ಎಲ್ಲಿ ಎಂದು. ಕಲೆಗೂ ಜನತೆಗೂ ನಡುವಿನ ಕಂದಕವನ್ನು ನಾನು ಹೀಗೆ ತುಂಬುತ್ತಿದ್ದೇನೆ.

ಮಧ್ಯಾಹ್ನದ ಬಿಡುವಿನಲ್ಲಿ ಫ್ರೌ ವಿಷ್ನೆವ್ಸ್ಕಿ ಸಿಬ್ಬಂದಿ ಕೋಣೆಯ ಬೆಂಚಿನ ಮೇಲೆ ಕೂತರು. ಡಬ್ಬಿ ತೆರೆದು ಬ್ರೆಡ್ಡು, ಲಿವರ್ ಸಾಸೇಜು, ಉಪ್ಪಿನಲ್ಲಿಟ್ಟ ಸೌತೆಕಾಯಿ ತಿಂದರು. ಗಂಟೆ ಹೊಡೆಯಿತು. ಏಳಲು ಹೋದರು, ಆಗಲಿಲ್ಲ. ಮೇಜಿನ ಅಂಚು ಹಿಡಿದು ಮತ್ತೆ ಪ್ರಯತ್ನಿಸಿದರು.

"ಬೂಟು ಬಿಗಿ," ಎಂದರು.

"ಬೂಟು ಕಾಲಿಗೆ ಹಾಕೋದು. ನೀವು ಹಿಡ್ಕೊಂಡಿರೋದು ಮೊಣಕಾಲು," ಎಂದೆ.

"ನಿನ್ನ ಎದೆ ಮೇಲೆ ಏನ್ ಬರ್ದಿದೆ? ನಿನ್ನನ್ನ ಕೇಳಿ ಅಂತ ತಾನೆ? ನಾನು ಕೇಳ್ಲಿಲ್ಲ. ಬಾಯಿ ಮುಚ್ಕೊಂಡು ಕೈ ಕೊಡು."

ಕೈ ಕೊಟ್ಟೆ. ಅವರ ಭಾರ ನನ್ನ ಭುಜದ ಮೇಲೆ ಬಿತ್ತು. ಸಂಜೆ ಐದರ ತನಕ ಅವರು ಕಿಟಕಿಯ ಅಂಚಿಗೆ ಆತುಕೊಂಡೇ ನಿಂತಿದ್ದರು.

ರದ್ದಾದ ಕುರ್ಚಿಗಳನ್ನು ಹಿಂಬದಿಯ ಓಣಿಯಲ್ಲಿ ಒಂದರ ಮೇಲೊಂದು ಪೇರಿಸಿದ್ದಾರೆ. ಮಂಗಳವಾರ ಗುಜರಿ ಗಾಡಿ ಬರುತ್ತದೆ. ಫ್ರೌ ವಿಷ್ನೆವ್ಸ್ಕಿಯವರ ಕುರ್ಚಿ ಯಾವುದೆಂದು ನನಗೆ ಗೊತ್ತು. ಬಲಗೈ ಸದಾ ಉಜ್ಜುವ ಕಡೆ ವಾರ್ನಿಷ್ ಹೋಗಿ ಮರ ಬೆಳ್ಳಗಾಗಿದೆ.

ಮಹತ್ಕಾರ್ಯದ ಬೀಜವೊಂದು ನನ್ನ ತಲೆಯಲ್ಲಿ ಬಿದ್ದಿದೆ. ಇತಿಹಾಸಕಾರರು ಈ ಸಾಲನ್ನು ಗುರುತು ಹಾಕಿಕೊಳ್ಳತಕ್ಕದ್ದು.

ಮಾರ್ಚ್ 9, ಭಾನುವಾರ

ಕಾರ್ಯ ಸಿದ್ಧಿಸಿದೆ.

ಮಕ್ಕಳ ತರಗತಿಯ ಮುದ್ರಣಯಂತ್ರ, ಗೋಡೆಯ ಚೀಟಿಗಳಿಗೆ ಬಳಸುವ ಅದೇ ದಪ್ಪ ಬಿಳಿ ರಟ್ಟು, ಅದೇ ಅಕ್ಷರ. ಬಾಗಿಲು ತೆರೆಯುವ ಮುಂಚೆ ಕುರ್ಚಿಯನ್ನು ಓಣಿಯಿಂದ ಎತ್ತಿ ನಾಲ್ಕನೇ ಕೋಣೆಯ ಹಳೆಯ ಜಾಗದಲ್ಲೇ ಇಟ್ಟೆ. ಪಕ್ಕದ ಗೋಡೆಗೆ ಚೀಟಿ ಅಂಟಿಸಿದೆ:

ಅಜ್ಞಾತ ಕಲಾವಿದ, ರೂರ್ ಕಣಿವೆ
ಕಾಯುವುದು II, 1983
ಬೀಚ್ ಮರ, ಮೊಳೆ, ಮೊಣಕಾಲು
ದಾಖಲೆ ಸಂಖ್ಯೆ 2217

"ಎರಡು ಯಾಕೆ?" ಎಂದು ಫ್ರೌ ವಿಷ್ನೆವ್ಸ್ಕಿ ಕೇಳಿದರು. "ಒಂದನೇದು ಎಲ್ಲಿದೆ?"

"ಬರ್ಲಿನ್‌ನಲ್ಲಿದೆ ಅಂದ್ಕೋತಾರೆ. ಅದಕ್ಕೇ ಇದರ ಬಗ್ಗೆ ಯಾರೂ ಪ್ರಶ್ನೆ ಕೇಳಲ್ಲ."

"ನಿನ್ನನ್ನ ಕಲಾಶಾಲೆಯೋರು ಎರಡು ಸಲ ವಾಪಸ್ ಕಳ್ಸಿದ್ದು ಕಮ್ಮಿ ಆಯ್ತು."

ಹನ್ನೊಂದಕ್ಕೆ ನಿವೃತ್ತ ಮೇಷ್ಟ್ರ ಹಾಗಿದ್ದ ಒಬ್ಬರು ಹೆಂಡತಿಯೊಡನೆ ಬಂದರು. ಚೀಟಿ ಓದಿದರು. ಕುರ್ಚಿ ನೋಡಿದರು. ಮತ್ತೆ ಚೀಟಿ. "ಮೊಣಕಾಲು," ಎಂದು ಗಂಡ ಮೆಲ್ಲಗೆ ಹೇಳಿದರು. "ಹೂಂ, ಕಾಣಿಸುತ್ತೆ," ಎಂದರು ಹೆಂಡತಿ. ಆರು ನಿಮಿಷ ನಿಂತರು. ಹಸಿರು ದಾದಿಗೆ ಸಿಕ್ಕಿದ್ದು ಎರಡು ನಿಮಿಷ.

ಮೂರೂವರೆಗೆ ಡಾ. ಟಾಲ್‌ಬಾಖ್ ಬಂದರು. ಅವರು ಚೀಟಿ ಓದಿದರು, ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಐದು ವಾರದ ಹಿಂದೆ ಬಂದ ಮನುಷ್ಯ, ತನ್ನದೇ ಸಂಗ್ರಹದ ಕೃತಿ ತನಗೆ ಗೊತ್ತಿಲ್ಲ ಎಂದು ಯಾರ ಮುಂದೆ ಹೇಳುತ್ತಾರೆ? ಚೀಟಿ ಕೊಂಚ ಓರೆಯಾಗಿತ್ತು. ಎರಡು ಬೆರಳಿನಲ್ಲಿ ಅದನ್ನು ನೇರ ಮಾಡಿ, ಹಿಂದೆ ಸರಿದು ನೋಡಿ, ಹೊರಟುಹೋದರು.

ಮಾರ್ಚ್ 12, ಬುಧವಾರ

ಸರ್ವನಾಶ.

ಬೆಳಿಗ್ಗೆ ಬಂದು ನೋಡಿದರೆ ಕುರ್ಚಿಯ ಸುತ್ತ ನೆಲಕ್ಕೆ ಬೂದು ಪಟ್ಟಿ ಅಂಟಿಸಿದ್ದಾರೆ. 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ಬಂದಿದೆ. ಕಲಾಕೃತಿಯ ಮೇಲೆ ಯಾರೂ ಕೂರುವಂತಿಲ್ಲ. ಕಾವಲಿನವರಂತೂ ಮೊದಲೇ ಕೂರುವಂತಿಲ್ಲ.

ಫ್ರೌ ವಿಷ್ನೆವ್ಸ್ಕಿ ಇಡೀ ದಿನ ತಮ್ಮ ಕುರ್ಚಿಯ ಪಕ್ಕದಲ್ಲಿ ನಿಂತು, ತಮ್ಮ ಕುರ್ಚಿಯ ಮೇಲೆ ಯಾರೂ ಕೂರದಂತೆ ಕಾದರು. ಸುಸ್ತಾದ ಹೆಂಗಸೊಬ್ಬಳು ಕೂರಲು ಹೋದಾಗ, "ಬೇಡಮ್ಮ, ಅದು ಕಲೆ," ಎಂದು ಇವರೇ ಹೇಳಬೇಕಾಯಿತು.

"ಬುದ್ಧಿವಂತೆ!" ಎಂದರು ನನಗೆ. "ಮೊದ್ಲು ಕುರ್ಚಿ ಇರ್ಲಿಲ್ಲ, ನಿಂತಿದ್ದೆ. ಈಗ ಕುರ್ಚಿ ಇದೆ, ಆದ್ರೂ ನಿಂತಿದೀನಿ. ಇದಕ್ಕೆ ನಿನ್ನ ಶಾಲೆಯಲ್ಲಿ ಏನಂತಾರೆ?"



ಮಾರ್ಚ್ 13, ಗುರುವಾರ

ಇಂದು ವಿಶೇಷವೇನೂ ಇಲ್ಲ. ಅವರ ಎಡಗಾಲು ಊದಿದೆ.

ಮಾರ್ಚ್ 15, ಶನಿವಾರ

ಹಿಮ್ಮೆಟ್ಟುವುದು ಪೋಲ್‌ಮನ್ ವಂಶದಲ್ಲಿಲ್ಲ. (ನನ್ನ ಅಪ್ಪ ಬಸ್ ಚಾಲಕ, ದಿನಕ್ಕೆ ನಲವತ್ತು ಸಲ ಹಿಂದಕ್ಕೆ ಓಡಿಸುತ್ತಾನೆ. ಆ ಮಾತು ಬೇರೆ.)

ಹೊಸ ಚೀಟಿ ಅಂಟಿಸಿದ್ದೇನೆ. ಕೊನೆಗೆ ಮೂರು ಸಾಲು ಸೇರಿವೆ: 'ಕುಳಿತಾಗ ಮಾತ್ರ ಕೃತಿ ಪೂರ್ಣವಾಗುತ್ತದೆ. ಕುಳಿತುಕೊಳ್ಳುವವರು: ಈ ಕೋಣೆಯ ಕಾವಲಿನವರು. ಬೆಳಿಗ್ಗೆ 10ರಿಂದ ಸಂಜೆ 5, ಸೋಮವಾರ ರಜೆ.'

ಫ್ರೌ ವಿಷ್ನೆವ್ಸ್ಕಿ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಮುಖ ಗಿಖ ವಿಚಿತ್ರ ಮಾಡು ಅಂದ್ರೆ ಮಾಡಲ್ಲ."

"ಬೇಡ."

"ಪದಬಂಧ ಬಿಡಿಸ್ತೀನಿ."

"ಕಾವಲಿನವರು ಬಿಡಿಸೋ ಹಾಗಿಲ್ಲ. ಕಲಾಕೃತಿ ಬಿಡಿಸಬಹುದು. ಅದಕ್ಕೆ ನಿಯಮ ಇಲ್ಲ."

ಅವರು ಬೂದು ಪಟ್ಟಿ ದಾಟಿದರು. ಸುತ್ತಲೂ ನೋಡಿದರು. ಕೂತರು. ಉಸಿರು ಬಿಟ್ಟರು. ಆ ಉಸಿರು ನನ್ನ ಮೂರನೇ ಕೋಣೆಯ ತನಕ ಕೇಳಿಸಿತು.

ಮಾರ್ಚ್ 25, ಮಂಗಳವಾರ

ಹೆರ್ ಓಲೆನ್‌ಡೀಕ್ ಕರೆ ಕಳಿಸಿದರು. ಕರೆ ಎಂದರೆ ಪೆನ್ಸಿಲಿನಲ್ಲಿ ಬರೆದ ಚೀಟಿ: 'ಕುಮಾರಿ ಪೋಲ್‌ಮನ್, ದಯವಿಟ್ಟು ನೆಲಮಾಳಿಗೆಗೆ ಬನ್ನಿ.'

ಅವರು ಸಂಗ್ರಹದ ದಾಖಲೆ ಪುಸ್ತಕ ನೋಡಿಕೊಳ್ಳುವವರು. ಮನೆಯ ಬೆಕ್ಕಿಗೂ 'ನೀವು' ಎನ್ನುತ್ತಾರಂತೆ. ನಾನು ಹೋದಾಗ ನನ್ನ ಎರಡೂ ಚೀಟಿಗಳ ಫೋಟೋ ಮೇಜಿನ ಮೇಲಿದ್ದವು. ಕೆಲಸ ಹೋಯಿತು ಎಂದುಕೊಂಡೆ.

"ಇದರಲ್ಲಿ ತಪ್ಪಿದೆ," ಎಂದರು.

"ಹೌದು," ಎಂದೆ.

"2217 ಒಂದು ಕಂಚಿನ ಆಡು. ಒಂಬತ್ತನೇ ಕೋಣೆ. ಮುಂದಿನ ಖಾಲಿ ಸಂಖ್ಯೆ 2218."

ನಾನು ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡೆ.

"ಇಸವಿಯೂ ತಪ್ಪು. ಈ ಕುರ್ಚಿಗಳನ್ನ ಕೊಂಡ ರಸೀತಿ ನನ್ನ ಹತ್ರ ಇದೆ. ಇಪ್ಪತ್ನಾಲ್ಕು ಕುರ್ಚಿ, 1986. ಕುಮಾರಿ ಪೋಲ್‌ಮನ್, ತಮಾಷೆ ಮಾಡೋರು ಇಸವಿನಾದ್ರೂ ಸರಿಯಾಗಿ ಬರೀಬೇಕು."

ಆಮೇಲೆ ವಿವರಿಸಿದರು. ಗೋಡೆಯ ಮೇಲೆ ಚೀಟಿ ಇರುವ ಪ್ರತಿಯೊಂದೂ ಪುಸ್ತಕದಲ್ಲಿರಬೇಕು. ಪುಸ್ತಕದಲ್ಲಿರುವ ಯಾವುದನ್ನೂ ಸಂಗ್ರಹ ಸಮಿತಿಯ ಒಪ್ಪಿಗೆ ಇಲ್ಲದೆ ಕೋಣೆಯಿಂದ ಕದಲಿಸುವಂತಿಲ್ಲ, ನಿರ್ದೇಶಕರೂ ಸಹ. ಸಮಿತಿ ಸೇರುವುದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಹೇಳುತ್ತಲೇ ಪೆನ್ಸಿಲ್ ಬದಿಗಿಟ್ಟು, ಶಾಯಿ ಪೆನ್ನಿನ ಮುಚ್ಚಳ ತೆಗೆದು, ದೊಡ್ಡ ಪುಸ್ತಕದಲ್ಲಿ ಬರೆದರು: 2218. ಕುರ್ಚಿ.

"ಯಾಕೆ?" ಎಂದೆ.

"ಚೀಟಿ ಇದೆಯಲ್ಲ," ಎಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಏಪ್ರಿಲ್ 10, ಗುರುವಾರ

ಫ್ರೌ ವಿಷ್ನೆವ್ಸ್ಕಿ ಹಲ್ಲಿನ ವೈದ್ಯರ ಬಳಿ ಹೋಗಿದ್ದರಿಂದ ನಾಲ್ಕನೇ ಕೋಣೆಯೂ ನನ್ನ ಪಾಲಿಗೆ ಬಂತು. ಒಬ್ಬ ದಢೂತಿ ಮನುಷ್ಯ ಹಸಿರು ದಾದಿಯ ಮುಂದೆ ನಿಂತು, "ಇಂಥದ್ದನ್ನ ನನ್ನ ಮಗಳೂ ಬರೀತಾಳೆ," ಎಂದ.

ಮಗಳಿಗೆ ಕೆಳದವಡೆಯ ಹತ್ತಿರ ಆ ಹಳದಿ ಸಿಗುತ್ತದೆಯೇ ಎಂದು ಕೇಳಿದೆ. ದೀಪದ ಬೆಳಕು ಕೆಳಗಿನಿಂದ ಬರುತ್ತಿದೆ ಎಂದು ಆ ಒಂದೇ ಗೆರೆ ಹೇಳುತ್ತದೆ, ಅಂದರೆ ದೀಪ ನೆಲದ ಮೇಲಿದೆ, ಅಂದರೆ ಹಾಸಿಗೆಗಳೂ ನೆಲದ ಮೇಲಿವೆ, ಅಂದರೆ ಮಂಚಗಳು ಮುಗಿದುಹೋಗುವಷ್ಟು ಗಾಯಾಳುಗಳು ಎಂದೆ. ಕೈಗಳನ್ನು ನೋಡಿ ಎಂದೆ. ಅವಳು ತೊಳೆದಿದ್ದಾಳೆ, ರಕ್ತ ಹೋಗಿಲ್ಲ ಎಂದೆ. ಅವನು ಟೋಪಿ ತೆಗೆದ.

ನನ್ನ ಊಟದ ಬಿಡುವು ಪೂರ್ತಿ ಹೋಯಿತು. ತಪ್ಪೆಲ್ಲ ಆ ದಢೂತಿ ಮನುಷ್ಯನದು.

ಏಪ್ರಿಲ್ 18, ಶುಭ ಶುಕ್ರವಾರ

ಸಂಗ್ರಹಾಲಯದ ಗೆಳೆಯರ ಬಳಗಕ್ಕೆ ಡಾ. ಟಾಲ್‌ಬಾಖ್ ಸ್ವತಃ ಎಲ್ಲವನ್ನೂ ತೋರಿಸಿದರು. ಸ್ಥಳೀಯ ಪತ್ರಿಕೆಯವರೂ ಇದ್ದರು. 2218ರ ಮುಂದೆ ನಿರ್ದೇಶಕರು ಹತ್ತು ನಿಮಿಷ ಮಾತಾಡಿದರು. 'ದುಡಿವ ದೇಹದ ಮೌನ', 'ಕಾಯುವಿಕೆಯ ರಾಜಕಾರಣ', 'ಮರ ಮತ್ತು ಮಾಂಸದ ಸಂವಾದ'. ಕೃತಿಯು ಅಷ್ಟು ಹೊತ್ತೂ ಪದಬಂಧ ಬಿಡಿಸುತ್ತಿತ್ತು. ನಾನು ಶೌಚಾಲಯಕ್ಕೆ ಓಡಿ ಮುಖಕ್ಕೆ ಟವೆಲ್ ಒತ್ತಿಕೊಂಡು ನಕ್ಕೆ.

ವಾಪಸ್ ಬಂದಾಗ ಫ್ರೌ ವಿಷ್ನೆವ್ಸ್ಕಿ ನಗುತ್ತಿರಲಿಲ್ಲ.

"ರೀಕೆ, ಮಾರ್ಚಲ್ಲಿ ನಾನು ಕೇಳ್ದಾಗ ಆ ಮನುಷ್ಯ ನನ್ನ ಮೊಣಕಾಲಿಗೆ ಅರ್ಧ ನಿಮಿಷ ಕೊಟ್ಟಿದ್ದ. ಇವತ್ತು ಹತ್ತು ನಿಮಿಷ ಕೊಟ್ಟ. ನನ್ನ ಹೆಸರು ಮಾತ್ರ ಎಲ್ಲೂ ಬರ್ಲಿಲ್ಲ."

ಮೇ 6, ಮಂಗಳವಾರ

ಕುತ್ತಿಗೆಗೆ ಬಂತು.

ದೊಡ್ಡ ನಗರದ ಸಂಗ್ರಹಾಲಯವೊಂದು 'ಕಾಯುವುದು II' ಅನ್ನು ಪ್ರದರ್ಶನಕ್ಕೆ ಎರವಲು ಕೇಳಿ ಪತ್ರ ಬರೆದಿದೆ. ಜೊತೆಗೆ ಒಂದು ಪ್ರಶ್ನೆ: ಒಂದನೇದು ಎಲ್ಲಿದೆ? ಡಾ. ಟಾಲ್‌ಬಾಖ್ ಕಡತ ಹುಡುಕಿದರು. ಸಿಕ್ಕಿದ್ದು ಇಪ್ಪತ್ನಾಲ್ಕು ಕುರ್ಚಿಗಳ ರಸೀತಿ. ಚೀಟಿಯ ರಟ್ಟು ಹಿಡಿದುಕೊಂಡು ಮಕ್ಕಳ ತರಗತಿಗೆ ಹೋಗಿ ಮುದ್ರಣಯಂತ್ರ ಬಳಸಿದವರು ಯಾರೆಂದು ವಿಚಾರಿಸಿದರು, ಅಲ್ಲಿಂದ ನೇರ ನನ್ನ ಬಳಿ ಬಂದರು.

ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು.

"ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿದೆ," ಎಂದರು. "ಆ ಕುರ್ಚಿ ಪಕ್ಕ. ನನ್ನಮ್ಮ ಅದನ್ನ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದಾರೆ." ಅವರ ಕಿವಿ ಕೆಂಪಾಗಿತ್ತು.

ಆಮೇಲೆ ಕಾಗದವೊಂದನ್ನು ಮುಂದಿಟ್ಟರು. 'ಚೀಟಿಯನ್ನು ನಾನು ತಮಾಷೆಗಾಗಿ ಹಾಕಿದೆ, ಅದರಲ್ಲಿರುವುದು ಸುಳ್ಳು, ಅದನ್ನು ಹಿಂತೆಗೆದುಕೊಳ್ಳುತ್ತೇನೆ.' ನಾನು ಸಹಿ ಮಾಡಿದರೆ ಇಪ್ಪತ್ತನೇ ತಾರೀಖಿನ ಸಮಿತಿಯಲ್ಲಿ ಐದು ನಿಮಿಷದಲ್ಲಿ ಕುರ್ಚಿಯ ಹೆಸರು ಹೊಡೆದುಹಾಕುತ್ತಾರೆ. ಕುರ್ಚಿ ಗುಜರಿಗೆ, ಫ್ರೌ ವಿಷ್ನೆವ್ಸ್ಕಿ ಕೋಟು ಕೌಂಟರಿಗೆ. ನನಗೆ ಶರತ್ಕಾಲದಿಂದ ಇಲ್ಲೇ ಎರಡು ವರ್ಷದ ತರಬೇತಿ ಹುದ್ದೆ. ಚಿತ್ರಗಳ ಜೊತೆ, ಕಪ್ಪು ಅಂಗಿ ಇಲ್ಲದೆ. ಸಹಿ ಮಾಡದಿದ್ದರೆ ಜೂನ್ 30ಕ್ಕೆ ನನ್ನ ಕರಾರು ಮುಗಿಯುತ್ತದೆ, ಮುಂದುವರಿಯುವುದಿಲ್ಲ.

"ನೀವು ಚುರುಕಾಗಿದೀರ, ಪೋಲ್‌ಮನ್. ಹಾಳು ಮಾಡ್ಕೋಬೇಡಿ," ಎಂದರು. ಅದು ಬೆದರಿಕೆಯಾಗಿರಲಿಲ್ಲ. ಅದೇ ಕಷ್ಟ.

ಮೇ 7, ಬುಧವಾರ

ಸಹಿ ಅಭ್ಯಾಸ ಮಾಡಿದೆ. ಚೆನ್ನಾಗಿದೆ, ಕೊನೆಯಲ್ಲಿ ಬಾಲ ಬರುತ್ತದೆ. ಆ ಹಾಳೆ ಹರಿದೆ.

ಮೇ 9, ಶುಕ್ರವಾರ

ಫ್ರೌ ವಿಷ್ನೆವ್ಸ್ಕಿ ಊಟಕ್ಕೆ ಕರೆದರು. ಬಿಳಿ ಶತಾವರಿ, ಬೇಯಿಸಿದ ಆಲೂಗಡ್ಡೆ, ಹ್ಯಾಮ್. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವರು ಮೆಟ್ಟಿಲಿನಲ್ಲಿ ನಾಲ್ಕು ಸಲ ನಿಂತರು; ಪ್ರತಿ ಸಲವೂ ನೆರೆಮನೆಯವರ ಹೂಕುಂಡ ನೋಡುವ ನೆಪ.

ಕಾಗದದ ವಿಷಯ ಹೇಳಿದೆ.

"ಹಾಕು ಸಹಿ," ಎಂದರು, ಶತಾವರಿಯ ಸಿಪ್ಪೆ ತೆಗೆಯುತ್ತಲೇ. "ನಿನಗೆ ಇಪ್ಪತ್ಮೂರು. ನನಗೆ ಹದಿನಾಲ್ಕು ತಿಂಗಳು. ಇದರಲ್ಲಿ ಯೋಚ್ನೆ ಮಾಡೋದೇನಿದೆ?"

"ಮತ್ತೆ ಹಸಿರು ದಾದಿ?"

ಚಾಕು ನಿಂತಿತು.

"ಇಲ್ಲಿಗೆ ಬರೋ ಮುಂಚೆ ಗಣಿಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೀತಿದ್ದೆ. ಇಲ್ಲಿ ಮೊದಲನೇ ದಿನ ಅವಳನ್ನ ನೋಡಿ, ಪಾಪ, ಇವಳಿಗೆ ಹಡಗಲ್ಲಿ ವಾಂತಿ ಬಂದಿದೆ ಅಂದ್ಕೊಂಡೆ. ಆಮೇಲೆ ಒಂದಿನ ಸಂಜೆ ಐದಕ್ಕೆ ನೋಡ್ತೀನಿ, ಇಬ್ರೂ ಒಂದೇ ಥರ ಕೂತಿದೀವಿ. ಕೈ ಹೀಗೆ, ಕಾಲು ಹೀಗೆ. ದೊಡ್ಡ ದೊಡ್ಡೋರು ಬಂದು ಅವಳ ಮುಂದೆ ತಲೆ ಬಾಗಿಸ್ತಾರೆ ರೀಕೆ. ನನ್ನ ಹಾಗೆ ಕೂತೋಳ ಮುಂದೆ." ಚಾಕು ಮತ್ತೆ ಓಡಿತು. "ಅದಿರ್ಲಿ. ಸಹಿ ಹಾಕು. ಬೆಣ್ಣೆ ಜಾಸ್ತಿ ಬೇಕಾ?"

ಮೇ 14, ಬುಧವಾರ

ನಾನಾಗಿಯೇ ನೆಲಮಾಳಿಗೆಗೆ ಹೋದೆ. ಕುರ್ಚಿಯನ್ನು ಪುಸ್ತಕಕ್ಕೆ ಸೇರಿಸಿದ್ದು ಯಾಕೆಂದು ಹೆರ್ ಓಲೆನ್‌ಡೀಕ್ ಅವರನ್ನು ಮತ್ತೆ ಕೇಳಿದೆ. ಈ ಸಲ ಅವರು ಎದ್ದು, ಹಳೆಯ ದಾಖಲೆ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ತಂದು, ಗುರುತಿಟ್ಟ ಪುಟ ತೆರೆದರು. 1937. ಕೆಂಪು ಗೆರೆ ಎಳೆದ ಸಾಲುಗಳು, ನಲವತ್ತೊಂದು. ನನ್ನ ಖಾಲಿ ಚೌಕಟ್ಟುಗಳು. ಪ್ರತಿಯೊಂದಕ್ಕೂ ಹೆಸರಿತ್ತು, ಬಣ್ಣವಿತ್ತು, ಅಳತೆಯಿತ್ತು. ಎರಡು ವರ್ಷ ಕಾದಿದ್ದೇನೆ. ಯಾವತ್ತೂ ಹೆಸರು ಕೇಳಿರಲಿಲ್ಲ.

"ಇಲ್ಲಿ ನೋಡಿ," ಎಂದರು.

ಗೆರೆ ಇಲ್ಲದ ಒಂದು ಸಾಲು. ಸಣ್ಣ ಅಕ್ಷರ: 'ಹಲಗೆ, ಒಂದು. ಕುರ್ಚಿ ರಿಪೇರಿಗೆ.'

"ಆಗ ಈ ಮೇಜಲ್ಲಿ ಕ್ನೋಪ್ ಅನ್ನೋರು ಕೂರ್ತಿದ್ರು. ಪಟ್ಟಿ ಹಿಡ್ಕೊಂಡು ಬಂದವರು ಹಸಿರು ದಾದಿಯನ್ನೂ ಕೇಳಿದ್ರು. ಕ್ನೋಪ್ ಪುಸ್ತಕ ತೆರೆದು ತೋರಿಸಿದ್ರು. ಆ ಹೆಸರಿನ ಚಿತ್ರ ಪುಸ್ತಕದಲ್ಲಿ ಇರ್ಲಿಲ್ಲ. ಈ ಹಲಗೆ ಅವಳೇ. ಇದೇ ಕೋಣೆಯ ಕಪಾಟಿಗೆ ಹಿಂಬದಿಯ ಹಲಗೆಯಾಗಿ, ಮುಖ ಗೋಡೆ ಕಡೆ ಮಾಡ್ಕೊಂಡು ಎಂಟು ವರ್ಷ ಇದ್ಲು. ಬಂದವರೂ ನಮ್ಮ ಜನವೇ. ಪುಸ್ತಕದಲ್ಲಿ ಬರೆದಿದ್ದನ್ನ ಅವರೂ ನಂಬಿದ್ರು."

ಆ ಸಾಲನ್ನು ಮತ್ತೊಮ್ಮೆ ಓದಿದೆ.

"ನಾನೇನು ಮಾಡ್ಲಿ?"

"ನಾನು ಸಲಹೆ ಕೊಡೋನಲ್ಲ, ಕುಮಾರಿ ಪೋಲ್‌ಮನ್. ನಿಯಮ ಮಾತ್ರ ಹೇಳ್ತೀನಿ. ಹಿಂತೆಗೆದುಕೊಂಡ ಮಾತನ್ನ ಪುಸ್ತಕದಿಂದ ಹೊಡೆದುಹಾಕಬಹುದು. ಹಿಂತೆಗೆದುಕೊಳ್ಳದ ಮಾತನ್ನ ಹಾಗೆಲ್ಲ ಹೊಡೆದುಹಾಕೋಕೆ ಬರಲ್ಲ."

ಮೇ 20, ಮಂಗಳವಾರ

ಸಮಿತಿಯ ಐದು ಜನ, ನಿರ್ದೇಶಕರು, ಪುಸ್ತಕ ಹಿಡಿದ ಹೆರ್ ಓಲೆನ್‌ಡೀಕ್. ವಸ್ತುವನ್ನು ಕಣ್ಣಾರೆ ನೋಡಬೇಕೆಂಬ ನಿಯಮವಿರುವುದರಿಂದ ಸಭೆ ನಾಲ್ಕನೇ ಕೋಣೆಯಲ್ಲೇ ನಡೆಯಿತು. ಕುರ್ಚಿ ಖಾಲಿ ಇತ್ತು. ಫ್ರೌ ವಿಷ್ನೆವ್ಸ್ಕಿ ಬಾಗಿಲ ಬಳಿ ನಿಂತಿದ್ದರು.

ಅಧ್ಯಕ್ಷೆ ಡಾ. ಹಾಗೆಡೋರ್ನ್, ಎಂಬತ್ತರ ಹತ್ತಿರದ ವಕೀಲೆ. ನನ್ನ ಮುಂದೆ ಕಾಗದ ಸರಿಸಿದರು. ಡಾ. ಟಾಲ್‌ಬಾಖ್ ತಮ್ಮದೇ ಪೆನ್ನು ಕೊಟ್ಟರು. ಒಳ್ಳೆಯ ಪೆನ್ನು.

"ಚೀಟಿ ಬರೆದಿದ್ದು ನಾನೇ," ಎಂದೆ. "ಆದರೆ ಅದರಲ್ಲಿರೋದು ಸುಳ್ಳು ಅಂತ ಸಹಿ ಮಾಡಲ್ಲ. ಬೀಚ್ ಮರ ಹೌದೋ ಅಲ್ವೋ ನೋಡಿ. ಮೊಳೆ ಎಣಿಸಿ. ಇಸವಿ 1986 ಅಂತಾನೂ ಸಂಖ್ಯೆ 2218 ಅಂತಾನೂ ಆಗ್ಲೇ ತಿದ್ದಿದೀನಿ, ರಸೀತಿ ಇದೆ. ಮೊಣಕಾಲು ಅಲ್ಲಿ ನಿಂತಿದೆ, ಎರಡೂ. ಮೂವತ್ತೊಂದು ವರ್ಷದಿಂದ ಈ ಕೋಣೇಲಿ ಕಾಯ್ತಿದೆ. ಹೆಸರು ಟ್ರೌಡೆಲ್ ವಿಷ್ನೆವ್ಸ್ಕಿ. ಚೀಟಿಯಲ್ಲಿ ತಪ್ಪಿರೋದು ಅದೊಂದೇ, ಆ ಹೆಸರು ಬರೆಯದೆ ಇದ್ದದ್ದು. ಹಿಂತೆಗೆದುಕೊಳ್ಳಲ್ಲ. ಏನು ಬೇಕಾದ್ರೂ ಮಾಡ್ಕೊಳ್ಳಿ."

ಕಾಗದವನ್ನು ಅಧ್ಯಕ್ಷೆಯ ಕಡೆ ವಾಪಸ್ ಸರಿಸಿದೆ.

"ಇದು ತಮಾಷೆ ತಾನೆ?" ಎಂದರು ಸಮಿತಿಯ ಒಬ್ಬರು.

"ಇತ್ತು," ಎಂದೆ.

ಆಗ ಫ್ರೌ ವಿಷ್ನೆವ್ಸ್ಕಿ ಬಾಗಿಲಿನಿಂದ ಬಂದರು. ಬೂದು ಪಟ್ಟಿ ದಾಟಿ ಕುರ್ಚಿಯಲ್ಲಿ ಕೂತರು. ಹಿಂದೆ ಗೋಡೆಯ ಮೇಲೆ ಇನ್ನೊಬ್ಬಳು ಕೂತಿದ್ದಳು. ಕೈ ಹೀಗೆ, ಕಾಲು ಹೀಗೆ. ಸಮಿತಿಯ ಕಣ್ಣುಗಳು ಮೇಲೆ ಹೋದವು, ಕೆಳಗೆ ಬಂದವು, ಮತ್ತೆ ಮೇಲೆ ಹೋದವು.

"ಇದನ್ನ ಪುಸ್ತಕಕ್ಕೆ ಸೇರಿಸಿದ್ದು ನೀವೇನಾ?" ಎಂದು ಅಧ್ಯಕ್ಷೆ ಹೆರ್ ಓಲೆನ್‌ಡೀಕ್ ಅವರನ್ನು ಕೇಳಿದರು.

"ನಾನೇ. ಶಾಯಿಯಲ್ಲಿ." ಅವರು ಕನ್ನಡಕ ಸರಿಮಾಡಿಕೊಂಡು ನಿಯಮಾವಳಿ ತೆರೆದರು. "ಹೇಳಿಕೆ ಹಿಂತೆಗೆದುಕೊಳ್ಳದ ಕಾರಣ ಇದು ಈಗ ವಿವಾದಿತ ವಸ್ತು. ವಿಧಿ ಹನ್ನೊಂದು: ವಿವಾದಿತ ವಸ್ತುವಿನ ಬಗ್ಗೆ ತಜ್ಞರ ವರದಿ ತರಿಸಿ ಮುಂದಿನ ವಾರ್ಷಿಕ ಸಭೆಯಲ್ಲಿ ಮಂಡಿಸತಕ್ಕದ್ದು. ಅಲ್ಲಿ ತೀರ್ಮಾನವಾದ ಮೇಲೆ ಆಕ್ಷೇಪಣೆಗೆ ಮೂರು ತಿಂಗಳು. ಅಲ್ಲಿಯವರೆಗೆ ವಸ್ತುವನ್ನು ಕದಲಿಸುವಂತಿಲ್ಲ, ಅದರ ಬಳಕೆಯನ್ನು ಬದಲಿಸುವಂತಿಲ್ಲ."

ಮುಂದಿನ ಸಭೆ ಬರುವ ವರ್ಷ ಮೇ. ಮೇಲೆ ಮೂರು ತಿಂಗಳು ಎಂದರೆ ಆಗಸ್ಟ್. ಫ್ರೌ ವಿಷ್ನೆವ್ಸ್ಕಿಯವರ ನಿವೃತ್ತಿ ಜುಲೈ.

ಡಾ. ಹಾಗೆಡೋರ್ನ್ ಬೆರಳು ಮಡಚಿ ಲೆಕ್ಕ ಹಾಕಿದರು. ಹೆರ್ ಓಲೆನ್‌ಡೀಕ್ ಕಡೆ ಬಹಳ ಹೊತ್ತು ನೋಡಿದರು. "ನಿಯಮ ಅಂದ್ರೆ ನಿಯಮ," ಎಂದು ಕಡತ ಮುಚ್ಚಿದರು.

ನಾನು ಪೆನ್ನು ಹಿಂದಿರುಗಿಸಿದೆ.

ಜೂನ್ 30, ಸೋಮವಾರ

ಸಂಗ್ರಹಾಲಯಕ್ಕೆ ರಜೆ, ನನ್ನ ಕರಾರಿಗೆ ಕೊನೆ. ಕಪ್ಪು ಅಂಗಿ, ಬಿಲ್ಲೆ, ಬ್ಯಾಗಿಡುವ ಪೆಟ್ಟಿಗೆಯ ಬೀಗದಕೈ ಮರಳಿಸಿದೆ. ಹೆರ್ ಓಲೆನ್‌ಡೀಕ್ ಕಪಾಟಿನಿಂದ ಎರಡು ಸಣ್ಣ ಗ್ಲಾಸು ತೆಗೆದು, ಏನನ್ನೋ ಸುರಿದು, ಎದ್ದು ನಿಂತು ಹೇಳಿದರು: "ನನ್ನ ಹೆಸರು ಬರ್ತೋಲ್ಡ್. ಇನ್ಮೇಲೆ 'ನೀನು' ಅನ್ನು." ಬೆಕ್ಕಿಗೂ ಸಿಗದ ಗೌರವ.

ಆದರೆ ಬರೆಯಬೇಕಾದದ್ದು ನಿನ್ನೆಯದು, ನನ್ನ ಕೊನೆಯ ಭಾನುವಾರದ್ದು.

ಬೆಳಿಗ್ಗೆ ಬೇಗ ಹೋಗಿ ಹಸಿರು ದಾದಿಯ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸಿದೆ. ಅದೇ ರಟ್ಟು, ಅದೇ ಅಕ್ಷರ.

1937ರ ದಾಖಲೆ ಪುಸ್ತಕದಿಂದ:
'ಹಲಗೆ, ಒಂದು. ಕುರ್ಚಿ ರಿಪೇರಿಗೆ.'
ಬರೆದವರು: ಕ್ನೋಪ್

ಮೂರನೇ ಕೋಣೆಯಲ್ಲಿ ನಲವತ್ತೊಂದು ಚೀಟಿ ಅಂಟಿಸಿದೆ, ಪ್ರತಿ ಖಾಲಿ ಚೌಕಟ್ಟಿನ ಒಳಗೂ ಒಂದೊಂದು. ಹೆಸರು, ಬಣ್ಣ, ಅಳತೆ. ಇಸವಿಗಳನ್ನು ಮೂರು ಸಲ ಸರಿನೋಡಿದೆ.

ಹನ್ನೊಂದಕ್ಕೆ ಡಾ. ಟಾಲ್‌ಬಾಖ್ ಬಂದರು. ಮೂರನೇ ಕೋಣೆಯನ್ನು ನಿಧಾನ ದಾಟಿದರು, ಒಂದೊಂದು ಚೌಕಟ್ಟಿನ ಮುಂದೂ ನಿಂತು. ನಾನು ಗೋಡೆಗೆ ಅಂಟಿ ನಿಂತಿದ್ದೆ. ನಾಲ್ಕನೇ ಕೋಣೆಗೆ ಹೋದರು. ಕ್ನೋಪ್ ಅವರ ಚೀಟಿಯ ಮುಂದೆ ನಿಂತರು. ನಿಂತೇ ಇದ್ದರು.

"ಇದನ್ನ ಯಾರು ಹಾಕಿದ್ದು?" ಎಂದರು, ತಿರುಗದೆ.

ಫ್ರೌ ವಿಷ್ನೆವ್ಸ್ಕಿ ಪದಬಂಧದಿಂದ ತಲೆ ಎತ್ತಲಿಲ್ಲ. "ನನ್ನನ್ನ ಕೇಳ್ಬೇಡಿ ಡಾಕ್ಟರೇ. ನಾನು ಕಲಾಕೃತಿ."

ಬಿಳಿ ಬೂಟುಗಳು ಅಲ್ಲಾಡಲಿಲ್ಲ. ಚೀಟಿ ಕೊಂಚ ಓರೆಯಾಗಿತ್ತು, ಅವಸರದಲ್ಲಿ ಅಂಟಿಸಿದ್ದೆ. ಅವರು ಕೈ ಎತ್ತಿದರು. ಕಿತ್ತುಹಾಕುತ್ತಾರೆ ಎಂದು ನಾನು ಬಾಗಿಲಿಗೆ ಓಡಿದೆ.

ಎರಡು ಬೆರಳಿನಲ್ಲಿ ನೇರ ಮಾಡಿದರು.